ಒಣಗದ ಗೇಟು

ಕಬ್ಬಿಣಕ್ಕೆ ಹಸಿವಾಗುತ್ತದೆ ಎಂದು ನಮ್ಮತ್ತೆ ನಂಬಿದ್ದರು. ಹೊಟ್ಟೆಗೆ ಏನೂ ಹಾಕದೆ ಬಿಟ್ಟರೆ ಅದು ತನ್ನನ್ನು ತಾನೇ ತಿನ್ನಲು ಶುರು ಮಾಡುತ್ತದೆ, ತಿಂದು ಉದುರಿಸಿದ ಪುಡಿಯೇ ತುಕ್ಕು ಎಂಬುದು ಅವರ ವಿವರಣೆ. ಅದಕ್ಕಾಗಿ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಮನೆಯ ಕಬ್ಬಿಣಕ್ಕೆಲ್ಲ ಹರಳೆಣ್ಣೆಯ ಊಟ. ಈಳಿಗೆಮಣೆ, ರೊಟ್ಟಿ ಹಂಚು, ಅಡಕತ್ತರಿ, ಕುಡುಗೋಲು, ಬಾವಿಯ ರಾಟೆ, ಕೊನೆಗೆ ಕಿಟಕಿಯ ಚಿಲಕ. ಹಳೆಯ ಪಂಚೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಎಳೆಮಗುವಿಗೆ ಎಣ್ಣೆ ಒತ್ತಿದ ಹಾಗೆ ಒಂದೊಂದಕ್ಕೂ ಒತ್ತುತ್ತಿದ್ದರು. ಆಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, "ಹೂಂ, ಇನ್ನು ಸುಮ್ನಿರು" ಎಂದು ಅದಕ್ಕೇ ಹೇಳಿ ಮುಂದಿನದಕ್ಕೆ ಹೋಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯ ಆ ಮನೆಗೆ ಸೊಸೆಯಾಗಿ ಬಂದೆ. ತೌರು ಕಡೂರು. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರುಗಳು ನಮಗೆ ಶೂಗೆ ಪಾಲಿಶ್ ಹಾಕಲು, ಕಾಜ ಹೊಲಿಯಲು, ಎಂಥ ಕೋಪ ಬಂದರೂ ಸದ್ದಿಲ್ಲದೆ ಬಾಗಿಲು ಮುಚ್ಚಲು ಕಲಿಸಿದ್ದರು. ರಾಟೆಗೆ ಊಟ ಹಾಕುವುದು ಮಾತ್ರ ಪಾಠದಲ್ಲಿ ಇರಲಿಲ್ಲ. ಮೊದಲನೆಯ ಅಮಾವಾಸ್ಯೆಗೆ ಅತ್ತೆ ಎಣ್ಣೆಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಬಾವಿ ಹತ್ರ ಹೋಗವ್ವ, ರಾಟೆ ಪಾಪ ಬೆಳಗ್ಗಿಂದ ಅಳ್ತಾ ಇದೆ" ಅಂದಾಗ ನಾನು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಆದರೆ ಒಂದು ಮಾತು ಹೇಳಬೇಕು. ಆ ಮನೆಯಲ್ಲಿ ತುಕ್ಕು ಹಿಡಿದ ವಸ್ತು ಒಂದೂ ಇರಲಿಲ್ಲ. ಅತ್ತೆಯ ಜೊತೆ ಅವರ ತೌರಿನಿಂದ ಬಂದ ಈಳಿಗೆಮಣೆಯ ಅಲಗಿನಲ್ಲಿ ನಾನು ಕುಂಕುಮ ಸರಿಯಿದೆಯೇ ಎಂದು ನೋಡಿಕೊಳ್ಳಬಹುದಿತ್ತು.

ತುಕ್ಕು ಹಿಡಿದದ್ದು ಒಂದೇ ಒಂದು. ಅದು ಮುಂದಿನ ಗೇಟು. ಅದಕ್ಕೆ ಅತ್ತೆ ಕೈ ಹಾಕುತ್ತಿರಲಿಲ್ಲ. "ಗೇಟು ಗಂಡಸ್ರುದು" ಎನ್ನುತ್ತಿದ್ದರು. ಗಂಡಸರದಾದ್ದರಿಂದ ಯಾರೂ ಏನೂ ಮಾಡಿರಲಿಲ್ಲ.

ಕೆಮ್ಮಣ್ಣುಗುಂಡಿ ರಸ್ತೆಯ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ನಮ್ಮ ಮಾವ ಆ ಗೇಟನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದರಂತೆ. ಒಂದೇ ರೆಕ್ಕೆ. ಮೇಲೆ ಸಾಲಾಗಿ ಭರ್ಜಿಯ ಮೊನೆಗಳು. ಬಂಗಲೆಗೆ ಮಾಡಿದ ಗೇಟು ನಮ್ಮ ಹೆಂಚಿನ ಮನೆಗೆ, ಚಿಕ್ಕ ಹುಡುಗನಿಗೆ ಅಪ್ಪನ ಕೋಟು ಹಾಕಿದ ಹಾಗೆ ಕಾಣುತ್ತಿತ್ತು. ಸಾಲದ್ದಕ್ಕೆ, ಆಮೇಲೆ ಯಾವಾಗಲೋ ಅಂಗಳಕ್ಕೆ ಚಪ್ಪಡಿ ಹಾಸಿದ ಮೇಲೆ ಅದು ಅರ್ಧಕ್ಕೆ ಬಂದು ಕಲ್ಲಿಗೆ ತಗುಲಿ ನಿಂತುಬಿಡುತ್ತಿತ್ತು. ಆದ್ದರಿಂದ ನಮ್ಮ ಮನೆಗೆ ಬರುವವರೆಲ್ಲ ಉಸಿರು ಒಳಗೆಳೆದುಕೊಂಡು, ಅಡ್ಡಡ್ಡವಾಗಿ, ಗೇಟಿಗೆ ಹೊಟ್ಟೆಯನ್ನೋ ಬೆನ್ನನ್ನೋ ಒರೆಸಿಕೊಂಡೇ ಬರಬೇಕು. ನಮಗೆ ಅಭ್ಯಾಸವಾಗಿತ್ತು. ದಪ್ಪಗಿರುವ ನೆಂಟರು ಹಬ್ಬದ ಊಟ ಮುಗಿಸಿ ಹೊರಡುವಾಗ ಮಾತ್ರ ಸ್ವಲ್ಪ ಯೋಚಿಸುತ್ತಿದ್ದರು.

ಈ ಗೇಟಿಗೆ ಬಣ್ಣ ಕಾಣುವ ಭಾಗ್ಯ ಬಂದದ್ದು ನಮ್ಮ ನಾದಿನಿಯಿಂದ.

ನನ್ನ ಗಂಡನ ತಂಗಿ ಮನೆಯಲ್ಲೆಲ್ಲ ಹೆಚ್ಚು ಮಾತಾಡುವವಳು. ಬೆಳಿಗ್ಗೆ ಹಾಲಿನವಳ ಜೊತೆ ಶುರುವಾದ ಬಾಯಿ ದೀಪ ಹಚ್ಚುವ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಆದರೆ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ತಲೆಯೆತ್ತಬಾರದು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದು ಮಾವನ ಕಟ್ಟಪ್ಪಣೆ. ಎರಡು ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು ಹೋದರು. ಒಂದು ಕಡೆಯವರದು ಸುದ್ದಿಯೇ ಇಲ್ಲ. ಇನ್ನೊಂದು ಕಡೆಯವರು, "ಹುಡುಗಿಗೆ ಮಾತು ಬರತ್ತೆ ತಾನೆ?" ಎಂದು ಮೂರನೆಯವರ ಹತ್ತಿರ ವಿಚಾರಿಸಿದರಂತೆ. ಅದನ್ನು ಕೇಳಿ ನಾದಿನಿ ಎರಡು ದಿನ ನಿಜವಾಗಿ ಮಾತು ಬಿಟ್ಟಳು. ಮನೆ ಗಡಿಯಾರ ನಿಂತ ಹಾಗಾಗಿತ್ತು.

ಮಾವ ಆಗ ತಮ್ಮ ತೀರ್ಮಾನ ಹೇಳಿದರು. ಇನ್ನೊಂದು ಸಂಬಂಧ ನೋಡುವುದು. ಅದೂ ಕೂಡದಿದ್ದರೆ ಸೋದರಮಾವ ಇದ್ದಾನಲ್ಲ, ಅವನಿಗೇ ಕೊಟ್ಟುಬಿಡುವುದು. ಅತ್ತೆಯ ತಮ್ಮ ಅಜ್ಜಂಪುರದಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಮದುವೆಯ ಮಾತು ಬಂದಾಗಲೆಲ್ಲ ಈ ಸುಗ್ಗಿ ಮುಗಿಯಲಿ ಎನ್ನುತ್ತ ತಲೆ ನರೆಸಿಕೊಂಡಿದ್ದರು. ನಮ್ಮ ಕಡೆ ಸೋದರಮಾವನಿಗೆ ಕೊಡುವುದೇನೂ ಹೊಸದಲ್ಲ, ಯಾರೂ ಬೇಡ ಎನ್ನುವಂತೆಯೂ ಇರಲಿಲ್ಲ. ನಾದಿನಿ ನನ್ನ ಹತ್ತಿರ ಮಾತ್ರ ಬಂದು ಕೂತಳು.

"ಅತ್ತಿಗೆ, ಮಾವ ಕೊಬ್ಬರಿನ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸಿ ನೋಡ್ತಾರಲ್ಲ, ಒಳಗೆ ಒಣಗಿದ್ಯಾ ಅಂತ. ನನ್ನೂ ಹಂಗೇ ನೋಡ್ತಾರೆ ಕಣ್ರೀ."

ಮೂರನೆಯ ಸಂಬಂಧ ತಂದವಳು ನಾನೇ. ಕಡೂರಿನಲ್ಲಿ ನಮ್ಮ ತಾಯಿಯ ಬೀದಿಯ ಹುಡುಗ. ರೈಲ್ವೆಯಲ್ಲಿ ಕಬ್ಬಿಣದ ಸೇತುವೆಗಳನ್ನು ನೋಡಿಕೊಳ್ಳುವ ಕೆಲಸ. ಒಮ್ಮೆ ನಾದಿನಿ ನನ್ನ ಜೊತೆ ಹಬ್ಬಕ್ಕೆ ಬಂದಿದ್ದಾಗ ಕಡೂರು ಸ್ಟೇಷನ್ನಿನಲ್ಲಿ ನಮ್ಮ ಟ್ರಂಕನ್ನು ರೈಲಿನಿಂದ ಇಳಿಸಿಕೊಟ್ಟಿದ್ದ. ಇಳಿಸಿದವನು ಸುಮ್ಮನೆ ಹೋಗಬೇಕಲ್ಲ, ಟ್ರಂಕಿನ ಮೂಲೆ ಬೆರಳಿಂದ ತಟ್ಟಿ, "ಇಲ್ಲಿ ತುಕ್ಕು ಹಿಡಿದಿದೆ, ನೋಡ್ಕೊಳಿ" ಅಂದ. ನಾದಿನಿ ಒಡನೆ, "ಟ್ರಂಕ್ ನೋಡಿ ಅಂತ ಯಾರೂ ಕರೆದಿರ್ಲಿಲ್ಲ" ಅಂದಳು. ಅವನು ನಗುತ್ತ ಹೋದ. ಮನೆ ಸೇರುವವರೆಗೂ ಅವಳು ನನ್ನನ್ನು, ಯಾರ ಬಗ್ಗೆಯೂ ಅಲ್ಲವೆಂಬಂತೆ, ಸೇತುವೆ ಕೆಲಸದವರಿಗೆ ರಾತ್ರಿ ಪಾಳಿ ಇರುತ್ತಾ, ಸೇತುವೆ ಮೇಲೆ ರೈಲು ಬಂದರೆ ಎಲ್ಲಿ ನಿಲ್ಲುತ್ತಾರೆ ಎಂದೆಲ್ಲ ಕೇಳಿದಳು. ನನಗೆ ಅಷ್ಟು ಸಾಕಾಗಿತ್ತು. ಅವರ ಮನೆಯಿಂದ ಬರುತ್ತೇವೆಂದು ಸುದ್ದಿ ಬಂದ ದಿನ ಅವಳು ತುಟಿ ಕಚ್ಚಿಕೊಂಡು ಹಿತ್ತಿಲಿಗೆ ಓಡಿದಳು. ಹಿತ್ತಿಲಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ.

ಮಾವ ಮಾತ್ರ ಎದ್ದು ಹೋಗಿ ಗೇಟಿನ ಮುಂದೆ ನಿಂತರು.

"ದಿನಾ ಸೇತುವೆ ತಟ್ಟಿ ನೋಡೋ ಹುಡುಗ ಕಣೋ," ಎಂದು ನಮ್ಮ ಯಜಮಾನರನ್ನು ಕರೆದು ತೋರಿಸಿದರು. "ಇದನ್ನ ತಟ್ಟಿದ್ರೆ ಅರ್ಧ ಅವನ ಕೈಗೇ ಬರತ್ತೆ. ಗೇಟು ಹಿಂಗಿದೆ, ಹುಡುಗಿ ಹೆಂಗೋ ಅಂದ್ಕೊಳಲ್ವಾ?"

ಹೀಗೆ ಬಣ್ಣದವನು ಬಂದ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಲಾರಿಗಳ ಮೇಲೆ ಹೆಸರು, ಹೂವು, ಹುಲಿ ಬರೆಯುವವನು. ಮಾತಿನಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ. "ಮೂರು ಪದರ ಸ್ವಾಮಿ," ಅಂದ. "ಕೆಳಗೆ ಒಂದು ಕೆಂಪು, ಮೇಲೆ ಎರಡು ಹಸಿರು. ಗಾಳಿ, ನೀರು, ಮಂಜು, ಯಾರೂ ಒಳಗೆ ಬರಂಗಿಲ್ಲ. ನಿಮ್ಮ ಮೊಮ್ಮಕ್ಕಳು ಇದೇ ಗೇಟಲ್ಲಿ ತೂಗಾಡ್ತಾರೆ." ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ, ಹಳೆಯ ತುಕ್ಕನ್ನೆಲ್ಲ ಕೆರೆದು, ಕೆಂಪು ಬಳಿದ. ಮಾವ ಅಂಗಡಿಯಿಂದ ಊಟಕ್ಕೆ ಬಂದವರು ಬೀದಿಯಲ್ಲೇ ನಿಂತುಬಿಟ್ಟರು.

"ಲೋ! ತುಕ್ಕು ತೆಗಿ ಅಂದ್ರೆ ತುಕ್ಕಿನ ಬಣ್ಣಾನೇ ಹಚ್ಚಿದ್ದೀಯಲ್ಲೋ!"

"ಅದು ರೆಡ್ ಆಕ್ಸೈಡು ಸ್ವಾಮಿ. ತುಕ್ಕಿಗೆ ಕಣ್ಣು ಕಟ್ಟೋದು. ತುಕ್ಕು ಬಂದು ನೋಡತ್ತೆ, ಓಹೋ, ಇಲ್ಲಿ ಆಗ್ಲೇ ನಮ್ಮೋರು ಇದಾರೆ ಅಂತ ವಾಪಸ್ ಹೊಂಟೋಗತ್ತೆ."

ಈ ಉತ್ತರ ಮಾವನಿಗೆ ಎಷ್ಟು ಹಿಡಿಸಿತೆಂದರೆ, ಕೆಂಪು ಬಣ್ಣ ಒಣಗಲು ಬಿಟ್ಟಿದ್ದ ಆ ದಿನಗಳಲ್ಲಿ ಬೀದಿಯಲ್ಲಿ ಹೋದವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದರು. ಬೀದಿಯವರಿಗೆ ಅದು ಹಿಡಿಸಲಿಲ್ಲ. ಹಾಲಿನವಳು ನನ್ನ ಹತ್ತಿರ ಬಂದು ಮೆಲ್ಲಗೆ, "ಗೇಟು ಪೂರಾ ಹೋಯ್ತಲ್ಲವ್ವ. ಮೊದ್ಲಾದ್ರೂ ಅಲ್ಲಲ್ಲಿ ಚೆನ್ನಾಗಿತ್ತು" ಎಂದು ಮರುಗಿದಳು.

ಕೆಂಪು ಒಣಗಿತು. ಹಸಿರು ಹಚ್ಚುವ ಮುಂಚೆ ಅಮಾವಾಸ್ಯೆ ಬಂತು.

ಆ ಬೆಳಿಗ್ಗೆ ಅತ್ತೆ ಬೀದಿ ಕಡೆ ತುಂಬ ಹೊತ್ತು ಇದ್ದರು. ಹೂವಿನವಳ ಜೊತೆ ಚೌಕಾಶಿ ನಡೆಸುತ್ತಿದ್ದಾರೆ ಎಂದುಕೊಂಡು ನಾನು ದೋಸೆ ಹುಯ್ಯುತ್ತಿದ್ದೆ. ಮಾರನೆಯ ದಿನ ಬೆಳಗಾಗುತ್ತಲೇ ಬಣ್ಣದವನು ಬಂದ. ಕಾರ್ತೀಕದ ಮಂಜು. ಗೇಟು ಮಿರಮಿರ ಮಿಂಚುತ್ತಿತ್ತು. "ಎಂಥಾ ಮಂಜು ಬಿದ್ದೈತೆ!" ಎಂದು ಹೆಗಲ ಮೇಲಿನ ಟವೆಲ್ಲಿನಲ್ಲಿ ಒಂದು ಸಲ ಸವರಿ ಹಸಿರು ಬಳಿಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಬಾಳೆಯ ಸುಳಿಯಂಥ ಹಸಿರು. ಮಾವ ಎದುರು ಮನೆಯ ಜಗಲಿಗೆ ಹೋಗಿ ಕೂತು, ಅಲ್ಲಿಂದ ನಮ್ಮ ಗೇಟನ್ನು ನೋಡುತ್ತ ಎಲೆ ಅಡಿಕೆ ಹಾಕಿಕೊಂಡರು.

ಹಸಿರು ಒಣಗಲಿಲ್ಲ.

ಮರುದಿನವೂ ಒಣಗಲಿಲ್ಲ. ಬಣ್ಣದವನು ಬಂದು ಬೆರಳಿಟ್ಟು ನೋಡಿ ಎರಡನೆಯ ಹಸಿರನ್ನೂ ಹಚ್ಚಿಯೇಬಿಟ್ಟ. ಮೇಲಿನದು ಒಣಗುವಾಗ ಕೆಳಗಿನದನ್ನು ಎಳೆದುಕೊಳ್ಳುತ್ತದೆ ಎಂದು ಅವನ ವಾದ. ಎಳೆದುಕೊಂಡದ್ದು ನಿಜ, ಆದರೆ ಬೇರೆಯವರನ್ನು. ಹಾಲಿನವಳ ಸೆರಗು, ಟಪಾಲಿನವನ ಮೊಣಕೈ. ಮಾತಿಗೆಂದು ಗೇಟಿಗೆ ಒರಗಿದ ಪಕ್ಕದ ಮನೆಯ ಮೇಷ್ಟ್ರ ಬಿಳಿಯ ಷರಟಿನ ಮೇಲೆ ಅಡ್ಡಗೆರೆ, ಉದ್ದಗೆರೆ ಎರಡೂ ಮೂಡಿದವು. ಬೀದಿಯ ಕರುವೊಂದು ನಮ್ಮ ಗೇಟಿಗೆ ಹಣೆ ಉಜ್ಜಿ ಹಸಿರು ಹಣೆಯಾಗಿ ಪೇಟೆಯೆಲ್ಲ ಸುತ್ತಿ ಬಂತು. ಮಾವ ಗಂಟೆಗೊಮ್ಮೆ ಹೋಗಿ ಬೆರಳು ಒತ್ತಿ, "ಈಗ ಪರವಾಗಿಲ್ಲ, ಕಮ್ಮಿ ಆಗಿದೆ" ಎನ್ನುತ್ತ ಬಂದು, ಬೆರಳನ್ನು ಯಾರಿಗೂ ಕಾಣದಂತೆ ಬಾಗಿಲ ಹಿಂದಿನ ಗೋಡೆಗೆ ಒರೆಸುತ್ತಿದ್ದರು. ಕಸ ಗುಡಿಸುವಾಗ ನೋಡಿದೆ. ಅಲ್ಲಿ ಹಸಿರು ಬೆರಳಚ್ಚುಗಳ ಸಾಲೇ ಇತ್ತು. ಮೊದಲನೆಯದಕ್ಕೂ ಕೊನೆಯದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ನಮ್ಮ ಯಜಮಾನರು ಒಳಗಿನಿಂದ ತಂತಿ ಎಳೆದು ಟೇಬಲ್ ಫ್ಯಾನನ್ನು ಗೇಟಿನ ಮುಂದೆ ಇಟ್ಟರು. ಬೀದಿಯ ಧೂಳು, ತೆಂಗಿನ ನಾರಿನ ಎಳೆಗಳು, ಯಾರ ಮನೆಯದೋ ಕೋಳಿಯ ಪುಕ್ಕ ಎಲ್ಲ ಹಾರಿ ಬಂದು ಗೇಟಿಗೆ ಹತ್ತಿಕೊಂಡವು. ಗೇಟಿಗೆ ಮೀಸೆ ಬಂದಂತಾಯಿತು. ಫ್ಯಾನು ಒಳಗೆ ಹೋಯಿತು.

ಬಣ್ಣದವನನ್ನು ಕರೆಸಿ ಮಾವ ಕೂಗಾಡಿದರು. "ಕಲಬೆರಕೆ ಬಣ್ಣ ಹಚ್ಚಿದ್ದೀಯ!"

"ದೇವರಾಣೆ ಇಲ್ಲ ಸ್ವಾಮಿ. ಅದೇ ಡಬ್ಬಿ ಬಣ್ಣ ಲಾರಿಗೆ ಹಚ್ಚಿದೆ. ಅದು ಒಣಗಿ ಶಿವಮೊಗ್ಗ ಮುಟ್ಟೈತೆ. ನಿಮ್ಮ ಗೇಟಿನ ಗ್ರಹಚಾರಾನೇ ಸರಿ ಇಲ್ಲ." ಸೀಮೆಎಣ್ಣೆ ಹಾಕಿ ಎಲ್ಲ ಒರೆಸಿ ತೆಗೆದು ಮೊದಲಿಂದ ಶುರು ಮಾಡೋಣ, ಅದಕ್ಕೆ ಒಂದು ವಾರ ಬೇಕು ಅಂದ. ವಾರ ಎಲ್ಲಿತ್ತು? ಅವರು ಬರುವುದು ಭಾನುವಾರ. ಆವತ್ತೇ ಗುರುವಾರ.

ಆ ಸಂಜೆ ಇಳಿಬಿಸಿಲು ಗೇಟಿನ ಮೇಲೆ ಓರೆಯಾಗಿ ಬಿದ್ದಿತ್ತು. ಕಾನ್ವೆಂಟಿನಲ್ಲಿ ಹೊಲಿಗೆ ಸಿಸ್ಟರು ಬಟ್ಟೆಯನ್ನು ಹೀಗೇ ಓರೆ ಬೆಳಕಿಗೆ ಹಿಡಿದು ತಪ್ಪು ಹೊಲಿಗೆ ಹುಡುಕುತ್ತಿದ್ದರು. ನನಗೂ ಆ ಚಾಳಿ ಅಂಟಿಕೊಂಡಿದೆ. ಬಗ್ಗಿ ನೋಡಿದೆ. ಹಸಿರಿನ ಅಡಿಯಲ್ಲಿ, ಭರ್ಜಿಯ ಮೊನೆಗಳ ಕೆಳಗಿನ ಅಗಲವಾದ ಪಟ್ಟಿಯ ಮೇಲೆ, ಅಷ್ಟಷ್ಟು ದೂರಕ್ಕೆ ಮೂರು ಮೂರು ಗೆರೆ ಉಬ್ಬಿಕೊಂಡಿದ್ದವು. ಬೆರಳಗಲದ ಗೆರೆಗಳು. ವಿಭೂತಿ. ಮೂಗು ಹತ್ತಿರ ತಂದೆ. ಬಣ್ಣದ ಘಾಟಿನ ಹಿಂದೆ, ಗುರುತು ತಪ್ಪುವಂತೆಯೇ ಇಲ್ಲ, ಹರಳೆಣ್ಣೆ.

ನಾದಿನಿಯನ್ನು ಕರೆದು ತೋರಿಸಿದೆ. ಅವಳು ಮೊದಲು ನಕ್ಕಳು. ಆಮೇಲೆ ಅವಳ ಮುಖ ಸಣ್ಣಗಾಯಿತು.

"ಅವ್ವಂಗೆ ಹೇಳ್ಬೇಡಿ ಅತ್ತಿಗೆ. ನನ್ನ ಮದುವೆ ತಾನೇ ಕೆಡಿಸ್ದೆ ಅಂದ್ಕೊಂಡ್ಬಿಡ್ತಾಳೆ. ಅಪ್ಪಾಜಿ ಅಂತೂ, ತಮ್ಮಂಗೆ ಕೊಡ್ಬೇಕು ಅಂತ ಬೇಕಂತ್ಲೇ ಮಾಡಿದ್ದಾಳೆ ಅಂತಾರೆ."

ಹೇಳಲಿಲ್ಲ. ಅತ್ತೆ ಆ ಹೊತ್ತಿಗೆ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದರು. ಅಷ್ಟು ಶುದ್ಧವಾದ ಅಕ್ಕಿಯನ್ನು ಅಷ್ಟು ಹೊತ್ತು ಯಾಕೆ ಆರಿಸುತ್ತಾರೋ ಎಂದು ನನಗೆ ಅನಿಸಿತ್ತು.

ಶನಿವಾರ ಅಜ್ಜಂಪುರದಿಂದ ಸೋದರಮಾವ ಇಳಿದರು, ಬಸ್ಸಿನ ಮೇಲಿನಿಂದ ಗೋಣಿಚೀಲದ ದೊಡ್ಡ ಪಿಂಡಿ ಇಳಿಸಿಕೊಂಡು. ಸುದ್ದಿ ಅಲ್ಲಿಯವರೆಗೂ ಮುಟ್ಟಿತ್ತು. ಗೇಟನ್ನು ಪೂರ್ತಿ ಸುತ್ತಿಬಿಡುವುದು ಅವರ ಯೋಜನೆ. ಮೊದಲು ನ್ಯೂಸ್ ಪೇಪರು ಸುತ್ತಿದೆವು. ಅದು ಅಂಟಿಕೊಂಡು, ಎಣ್ಣೆ ಕುಡಿದು, ಹಿಂದಿನ ಪುಟದ ಸುದ್ದಿ ಮುಂದಕ್ಕೆ ಕಂಡಿತು. ಅದರ ಮೇಲೆ ಗೋಣಿ. ಸರಕು ರೈಲಿಗೆ ಹಾಕುವ ಪಾರ್ಸೆಲ್ಲಿನ ಹಾಗಿದೆ ಎಂದು ಮಾವ ಮುಖ ಕಿವಿಚಿದ್ದರಿಂದ ಗೋಣಿಯ ಮೇಲೆ ಅತ್ತೆಯ ಹಳೆಯ ಇಳಕಲ್ ಸೀರೆ. ಅದರ ಮೇಲೆ ಮಾವಿನ ತೋರಣ, ಚೆಂಡುಹೂವು.

"ನಂಗಿಂತ ಅದಕ್ಕೇ ಜಾಸ್ತಿ ಅಲಂಕಾರ. ನಾಳೆ ಅದನ್ನೇ ಒಪ್ಕೊಂಡು ಹೋಗ್ತಾರೆ ಬಿಡಿ" ಅಂದಳು ನಾದಿನಿ.

ಅವಳು ಒಳಗೆ ಹೋದ ಮೇಲೆ ಸೋದರಮಾವ ದಬ್ಬಳದಲ್ಲಿ ಗೋಣಿ ಹೊಲಿಯುತ್ತ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು. "ನೋಡವ್ವ, ಈ ಸಂಬಂಧ ಕುದುರ್ಲೇಬೇಕು. ಇಲ್ಲಾಂದ್ರೆ ಭಾವ ನನ್ನ ಕೊರಳಿಗೇ ಕಟ್ತಾರೆ. ಅವಳು ಕೂಸಾಗಿದ್ದಾಗ ಮೂಗು ಒರೆಸಿದ್ದೀನಿ ಕಣವ್ವ. ಅವಳ ಮುಂದೆ ನಾನು ಹೆಂಗೆ ಗಂಡ ಅಂತ ಕೂತ್ಕೊಳ್ಳಲಿ? ಅಕ್ಕನ ಮುಂದೆ ಅನ್ನೋ ಹಾಗೂ ಇಲ್ಲ, ಬೇಜಾರ್ ಮಾಡ್ಕೋತಾಳೆ." ಎಂದು ಇನ್ನೊಂದು ಹೊಲಿಗೆ ಬಿಗಿದರು. ಅಷ್ಟು ಭದ್ರವಾದ ಹೊಲಿಗೆಯನ್ನು ನಮ್ಮ ಸಿಸ್ಟರೂ ಮೆಚ್ಚುತ್ತಿದ್ದರು.

ಭಾನುವಾರ ಕಡೂರಿನ ಬಸ್ಸಿಗೆ ಮೂವರು ಬಂದರು. ಮುಂದೆ ಹುಡುಗನ ದೊಡ್ಡಪ್ಪ, ಬಕಪಕ್ಷಿಯಂಥ ಬಿಳಿ ಪಂಚೆ, ಬಿಳಿ ಜುಬ್ಬ. ಅವರ ಒಪ್ಪಿಗೆಯೇ ಒಪ್ಪಿಗೆ ಎಂದು ಮೊದಲೇ ಹೇಳಿ ಕಳಿಸಿದ್ದರು. ಹಿಂದೆ ಹುಡುಗನ ತಾಯಿ, ಒಳ್ಳೆಯ ಮೈಕಟ್ಟಿನ ಹೆಂಗಸು. ಕೊನೆಗೆ ಹುಡುಗ. ನಾನು ಕಿಟಕಿಯಲ್ಲಿದ್ದೆ. ದೊಡ್ಡಪ್ಪ ಸಣ್ಣಗಿದ್ದರು, ಸುಮಾರಾಗಿ ದಾಟಿದರು. ತಾಯಿಯವರು ಸಂದಿಯಲ್ಲಿ ಅಡ್ಡ ತಿರುಗಿ, ಆಧಾರಕ್ಕೆ ಗೇಟನ್ನು ಗಟ್ಟಿಯಾಗಿ ಹಿಡಿದರು.

ನಮಗ್ಯಾರಿಗೂ ಹೊಳೆಯದಿದ್ದದ್ದು ಇದು. ಅಡಿಯಲ್ಲಿ ಎಣ್ಣೆ ಇದೆಯಲ್ಲ! ತೋರಣ, ಸೀರೆ, ಗೋಣಿ, ಪೇಪರು, ಎರಡು ಪದರ ಹಸಿರು, ಎಲ್ಲ ಸೇರಿ ಒಂದೇ ಸಿಪ್ಪೆಯಾಗಿ, ಬೆಂದ ಆಲೂಗಡ್ಡೆಯ ಸಿಪ್ಪೆ ಜಾರುವಂತೆ ನಿಧಾನವಾಗಿ ಕೆಳಕ್ಕೆ ಜಾರಿತು. ದೊಡ್ಡಪ್ಪ ಸದ್ದಿಗೆ ತಿರುಗಿ, ತಮ್ಮನ ಹೆಂಡತಿಯನ್ನು ಕೈಹಿಡಿದು ಎಳೆದುಕೊಳ್ಳುವ ಭರದಲ್ಲಿ ಪಂಚೆಯ ಹಿಂಭಾಗವನ್ನು ಗೇಟಿನಲ್ಲಿ ಇನ್ನೂ ಜಾರದೆ ಉಳಿದಿದ್ದ ಹಸಿರಿಗೇ ಒತ್ತಿದರು. ಗೇಟು ಬೆಳಗಿನ ಬಿಸಿಲಲ್ಲಿ ಕೆಂಪಗೆ, ಎಣ್ಣೆಯಲ್ಲಿ ಮಿಂಚುತ್ತ, ಅಲ್ಲಲ್ಲಿ ವಿಭೂತಿ ಧರಿಸಿ ನಿಂತಿತು.

ಮಾವ ಕೈಮುಗಿದು, ಏನೂ ಆಗಿಲ್ಲವೆಂಬಂತೆ, "ಬರ್ಬೇಕು, ಬರ್ಬೇಕು" ಅಂದರು.

ನಾನು ಬಟ್ಟೆ, ಕೊಬ್ಬರಿ ಎಣ್ಣೆ ಹಿಡಿದು ಓಡಿದೆ. ತಾಯಿಯವರ ಅಂಗೈ ಹಸಿರು. ದೊಡ್ಡಪ್ಪನ ಪಂಚೆಯ ಹಿಂಭಾಗದಲ್ಲಿ ಮೂರು ಹಸಿರು ಪಟ್ಟೆ. ಅದು ಅವರಿಗೆ ಗೊತ್ತಿಲ್ಲ, ಉಳಿದವರಿಗೆಲ್ಲ ಗೊತ್ತು. ಅವರು ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

"ಏನು ಸ್ವಾಮಿ, ಗೇಟಿಗೆ ಸೀರೆ ಉಡ್ಸಿದ್ರಿ?"

"ಅದು... ನಮ್ಮ ಮನೆತನದ ಪದ್ಧತಿ" ಅಂದರು ಮಾವ.

"ಓಹೋ. ಎಷ್ಟು ಕಾಲದಿಂದ?"

ಬಾಗಿಲ ಬಳಿ ನಿಂತಿದ್ದ ಸೋದರಮಾವ, ಸುಳ್ಳು ಹೇಳಿ ಅಭ್ಯಾಸವಿಲ್ಲದವರು, "ನಿನ್ನೆ ಸಾಯಂಕಾಲದಿಂದ" ಅಂದುಬಿಟ್ಟರು.

ಇನ್ನು ಮುಚ್ಚಿ ಫಲವಿರಲಿಲ್ಲ. ಮಾವ ಬಣ್ಣದವನ ಮೇಲೆ ಬಿದ್ದರು. ಕಳ್ಳ, ಕಲಬೆರಕೆ, ಅವನ ಕೈ ಸೇದಿಹೋಗ, ನಾಳೆ ಪಂಚಾಯ್ತಿ ಸೇರಿಸುತ್ತೇನೆ ಎಂದೆಲ್ಲ. ಹುಡುಗ ಅಷ್ಟೂ ಹೊತ್ತು ಬಾಗಿಲಾಚೆ ಗೇಟನ್ನೇ ನೋಡುತ್ತಿದ್ದ. ನಾನು ಅಡಿಗೆಮನೆಗೆ ಬಂದೆ. ನಾದಿನಿ ಕಾಫಿ ತಟ್ಟೆ ಹಿಡಿದು ಕದದ ಹಿಂದೆ ನಿಂತಿದ್ದಳು. "ಹೋಯ್ತು ಅತ್ತಿಗೆ," ಅಂದಳು ಪಿಸುದನಿಯಲ್ಲಿ. "ನನ್ನ ಕೊಬ್ಬರಿ ಮಂಡಿಗೇ ಕಳಿಸ್ತಾರೆ."

ಆಗ ಹಜಾರದಲ್ಲಿ ಅತ್ತೆಯ ದನಿ ಕೇಳಿತು. ಗಂಡಸರ ಮಾತಿನ ನಡುವೆ ಅತ್ತೆ ಬಾಯಿ ಹಾಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಆ ಬಣ್ಣದೋನಿಗೆ ಯಾಕ್ರೀ ಶಾಪ ಹಾಕ್ತೀರಿ? ಅವನದೇನೂ ತಪ್ಪಿಲ್ಲ. ಅಮಾಸೆ ದಿನ ಗೇಟಿಗೆ ಹರಳೆಣ್ಣೆ ಹಚ್ಚಿದೋಳು ನಾನು. ಕೆಂಪಗೆ ಒಣಗ್ಕೊಂಡು, ಬಾಯಾರಿದಂಗೆ ನಿಂತಿತ್ತು. ಮಗಳ ಕಾರ್ಯಕ್ಕೆ ಅಂತ ಸಿಂಗಾರ ಮಾಡಿ ಉಪವಾಸ ಕೆಡವೋದು ಬೇಡ ಅನ್ನಿಸ್ತು, ಹಚ್ದೆ. ಗುರುವಾರ ಗೊತ್ತಾಯ್ತು ನಂಗೆ. ಹೇಳೋಕೆ ಬಾಯಿ ಬರ್ಲಿಲ್ಲ. ನೀವು ಒಪ್ಪದಿದ್ರೆ ಅದು ನನ್ನಿಂದ ಆಗಿದ್ದು, ನಮ್ಮ ಹುಡುಗಿದೇನೂ ಇಲ್ಲ."

ಹುಡುಗ ಮೆಲ್ಲಗೆ, ಸೇತುವೆಯನ್ನು ಮಾತಾಡಿಸುವಷ್ಟು ಗಂಭೀರವಾಗಿ ಹೇಳಿದ:

"ಅಮ್ಮ, ಎಣ್ಣೆಯೂ ತುಕ್ಕು ತಡೆಯತ್ತೆ, ಬಣ್ಣವೂ ತಡೆಯತ್ತೆ. ಎರಡೂ ಒಳ್ಳೇವೇ. ಆದ್ರೆ ಒಂದರ ಮೇಲೆ ಒಂದು ಹಚ್ಚಿದ್ರೆ ಮೇಲಿನದು ಕೆಳಗಿನದನ್ನ ಹಿಡ್ಕೊಳ್ಬೇಕು. ಎಣ್ಣೆ ಯಾರಿಗೂ ಹಿಡ್ಕೊಳ್ಳೋಕೆ ಬಿಡಲ್ಲ."

"ಹಂಗಾದ್ರೆ ನಿಮ್ಮ ಸೇತುವೆಗೆ ಎಣ್ಣೆನೇ ಹಚ್ಚಲ್ವೇನಪ್ಪ?"

"ಇಲ್ಲಮ್ಮ. ಬರೀ ಬಣ್ಣ."

"ಪಾಪ," ಅಂದರು ಅತ್ತೆ, ನಿಜವಾದ ಮರುಕದಿಂದ.

ನನ್ನ ಪಕ್ಕದಲ್ಲಿ ಏನೋ ಸಿಡಿದಂತಾಯಿತು. ನಾದಿನಿ ನಕ್ಕುಬಿಟ್ಟಿದ್ದಳು. ಹೆಣ್ಣು ನೋಡಲು ಬಂದವರು ಹಜಾರದಲ್ಲಿ ಕೂತಿರುವಾಗ, ಬೀದಿಗೆ ಕೇಳುವ ಹಾಗೆ. ನಾನು ಹಿಡಿಯುವ ಮೊದಲೇ ತಟ್ಟೆಯೊಂದಿಗೆ ಹೊರಗೆ ಹೋದಳು. ತಲೆ ಬಗ್ಗಿಸಲಿಲ್ಲ. ನೇರ ಹುಡುಗನ ಮುಂದೆ ನಿಂತಳು.

"ಸೇತುವೆ ಕೆಳಗೆ, ಕಂಬದ ಮೇಲೆ ಕೂತಿರೋ ಜಾಗದಲ್ಲಿ, ಬಿಸಿಲಿಗೆ ಹಿಗ್ಗಿದಾಗ ಜಾರಲಿ ಅಂತ ಏನೋ ಹಚ್ತೀರಂತಲ್ಲ? ಅದೇನು?"

ಹುಡುಗ ಲೋಟ ತೆಗೆದುಕೊಳ್ಳುವುದನ್ನು ಮರೆತ. "ಗ್ರೀಸು. ಅದು ಬೇರಿಂಗಿಗೆ."

"ಗ್ರೀಸು ಎಣ್ಣೆ ಜಾತಿದಲ್ವಾ?"

"...ಹೌದು."

"ಮತ್ತೆ! ನಮ್ಮವ್ವ ಅದನ್ನೇ ಅಂದಿದ್ದು." ಕಾಫಿ ಕೊಟ್ಟು, "ಬಿಸಿ ಇದೆ" ಎಂದು ಸೇರಿಸಿದಳು.

ಇದನ್ನೆಲ್ಲ ಯಾವಾಗ, ಯಾರನ್ನು ಕೇಳಿ ತಿಳಿದುಕೊಂಡಿದ್ದಳೋ! ದೊಡ್ಡಪ್ಪ ನಿಧಾನವಾಗಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಹುಡುಗಿ ಮಾತಾಡ್ತಾಳೆ" ಅಂದರು. ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

ಹುಡುಗನ ತಾಯಿ ಹಸಿರು ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಹೇಳಿದರು: "ಮಾತಾಡ್ಲಿ ಬಿಡಿ ಭಾವ. ಇವನ ಸ್ಲೀಪರು, ರಿವೆಟ್ಟು ಪುರಾಣಕ್ಕೆ ಹೂಂ ಅಂದು ಅಂದು ನನ್ನ ಕತ್ತು ಸೋತೈತೆ. ಒಬ್ರಾದ್ರೂ ಎದುರು ಪ್ರಶ್ನೆ ಕೇಳೋರು ಬೇಕಾಗಿತ್ತು." ಆಮೇಲೆ ಅತ್ತೆಯ ಕಡೆ ತಿರುಗಿ, "ಅಕ್ಕಾ, ಇದು ಹೋಗತ್ತೇನ್ರೀ?" ಎಂದು ಕೈ ಚಾಚಿದರು. ಅತ್ತೆ ಆ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ತಿಕ್ಕತೊಡಗಿದರು. ಕಣ್ಣೊರೆಸಿಕೊಳ್ಳಲು ಅವರ ಕೈ ಬಿಡುವಿರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ಕೇಸರಿಬಾತು ತಿಂದು, ತಿಳಿಸುತ್ತೇವೆ ಎಂದಷ್ಟೇ ಹೇಳಿ ಅವರು ಎದ್ದರು. ದೊಡ್ಡಪ್ಪನ ಕುರ್ಚಿಯ ಬೆತ್ತದ ಮೇಲೆ ಮೂರು ಹಸಿರು ಪಟ್ಟೆ ಉಳಿದಿತ್ತು. ಅತ್ತೆಗೆ ಮಾವನ ಮುಖ ನೋಡುವ ಧೈರ್ಯವಿಲ್ಲ, ನಾದಿನಿ ಒಳಬಾಗಿಲ ಹೊಸ್ತಿಲಲ್ಲಿ ನಿಂತಿದ್ದಳು. ಮೂವರೂ ಗೇಟಿನ ಸಂದಿಯಲ್ಲಿ ಈ ಸಲ ಯಾವುದಕ್ಕೂ ತಗುಲದೆ, ಪಂಚೆ ಸೀರೆ ಎತ್ತಿ ಹಿಡಿದು ದಾಟಿದರು. ಹುಡುಗ ದಾಟಿದವನು ನಿಂತ. ಗೇಟನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟ.

"ಒಳಗೆ ಕಬ್ಬಿಣ ಗಟ್ಟಿಯಾಗಿದೆ," ಎಂದು ಮಾವನಿಗೆ ಹೇಳಿದ. ಆದರೆ ನೋಡಿದ್ದು ಮಾವನ ಹೆಗಲಿನಾಚೆ, ಹೊಸ್ತಿಲ ಕಡೆಗೆ. "ಯಾರ ಕೈಲೂ ಬಣ್ಣ ಹಚ್ಚಿಸ್ಬೇಡಿ. ಬರೋ ಭಾನುವಾರ ನಂಗೆ ರಜ. ಬಂದು ಕೆರೆದು, ಒರೆಸಿ, ನಾನೇ ಹಚ್ಚಿಕೊಡ್ತೀನಿ."

ದೊಡ್ಡಪ್ಪ ಬೇಡವೆನ್ನಲಿಲ್ಲ. ಹಿಂದೆ ಮೂರು ಹಸಿರು ಪಟ್ಟೆ ಹೊತ್ತು ಗಾಂಭೀರ್ಯದಿಂದ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ತಾಯಿಯವರು ತಿರುಗಿ, "ಅವನಿಗೆ ರೊಟ್ಟಿ ಅಂದ್ರೆ ಇಷ್ಟ ಅಕ್ಕಾ" ಎಂದು ಕೂಗಿ ಹೇಳಿ ಹೋದರು.

ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವರು ನಮ್ಮೆಲ್ಲರ ಕಡೆ ತಿರುಗಿ ಸಿಡುಕಿದರು. "ಇದೆಂಥಾ ಮಾತು? ಊರೋರು ನೋಡಿದ್ರೆ ಏನಂತಾರೆ? ಅಳಿಯನ ಕೈಲಿ ಗೇಟು ಕೆರೆಸ್ತಾರೇನ್ರೋ ಯಾರಾದ್ರೂ?"

ತಮ್ಮ ಬಾಯಿಂದ ಬಂದ ಮಾತು ಮಾವನಿಗೇ ಕೇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕೇಳಿಸಿದ ಮೇಲೆ ಕೆಮ್ಮಿದರು. ಹೊಸ್ತಿಲ ಮೇಲಿದ್ದವಳು ಹಿತ್ತಿಲಿಗೆ ಓಡಿದ ಸದ್ದು ಬಂತು.

ಬೆಳಗಿನಿಂದ ನಿಂತೇ ಇದ್ದ ಸೋದರಮಾವ ಜಗಲಿಯ ಮೇಲೆ ಕುಸಿದು ಕೂತು, ಕಾಲು ಚಾಚಿ, ಪೇಟ ತೆಗೆದು ಪಕ್ಕಕ್ಕಿಟ್ಟರು.

"ಅಕ್ಕಾ," ಅಂದರು, "ಕೇಸರಿಬಾತು ಉಳಿದೈತಾ?"